ಹದಿನೇಳನೇ ಬ್ಲಾಕಿನ ಸೌದೆ

ಲಾರಿಸಾ ಮದುವೆಯಾಗಿ ಬಂದ ದಿನದಿಂದ ಅತ್ತೆಯನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಆ ಮಂಗಳವಾರ ಸಂಜೆ ಮಗಳ ಕೈ ಹಿಡಿದು ಒಳಗೆ ಬಂದವಳು, ಕೋಟನ್ನೂ ಬಿಚ್ಚದೆ, “ತೆಕ್ಲಾ ಪವ್ಲಿವ್ನಾ” ಎಂದಳು. ಕಚೇರಿಯಲ್ಲಿ ಮೇಜಿನಾಚೆ ಕೂತವರನ್ನು ತಂದೆಯ ಹೆಸರು ಸೇರಿಸಿ ಕರೆಯುವ ಹಾಗೆ. ತೆಕ್ಲಾಳ ಕೈಯಲ್ಲಿದ್ದ ಸೌಟು ಬೀಟ್‌ರೂಟ್ ಸಾರಿನ, ಬೋರ್ಶ್‌ನ, ಪಾತ್ರೆಯ ಮೇಲೇ ನಿಂತಿತು.

“ಮಗೂಗೆ ಅಣಬೆ ಯಾವಾಗಿಂದ ತಿನ್ನಿಸ್ತಿದೀರಿ?”

“ಯಾವ ಅಣಬೆ?”

“ಅದನ್ನ ನೀವು ಹೇಳ್ಬೇಕು. ಇವತ್ತು ಸ್ಕೂಲಿಗೆ ವ್ಯಾನ್ ಬಂದಿತ್ತು. ಎಲ್ಲಾ ಮಕ್ಕಳನ್ನೂ ಕುರ್ಚೀಲಿ ಕೂರಿಸಿದ್ರು. ಎಲ್ರದ್ದೂ ಇಳಿದಿದೆ. ಕಾಡಲ್ಲೇ ಬಿದ್ದಿರೋ ಆ ಕುಡುಕನ ಮಕ್ಕಳದ್ದೂ ಇಳಿದಿದೆ. ನಮ್ಮ ದಾರ್ಕಾದು ಹೋದ ವರ್ಷ ಮೂರು ಸಾವಿರ ಇದ್ದದ್ದು ಈಗ ಏಳು ಸಾವಿರ. ಆ ನರ್ಸು ಅಷ್ಟು ಜನರ ಮುಂದೆ ಕೇಳ್ತಾಳೆ, ಮನೇಲಿ ವಯಸ್ಸಾದವರು ಯಾರಾದ್ರೂ ಇದಾರಾ ಅಂತ.”

ಪ್ರತಿ ಅಕ್ಟೋಬರಿನಲ್ಲಿ ಜಿಲ್ಲಾ ಕೇಂದ್ರದಿಂದ ಆ ವ್ಯಾನ್ ಬರುತ್ತಿತ್ತು. ಅದರೊಳಗಿನ ಕುರ್ಚಿಯಲ್ಲಿ ಮಗುವನ್ನು ಕೂರಿಸಿದರೆ ಮೈಯೊಳಗೆ ಎಷ್ಟು ಸೀಸಿಯಂ ಸೇರಿದೆ ಎಂದು ಯಂತ್ರ ಎಣಿಸಿ ಹೇಳುತ್ತಿತ್ತು. ಅಣುಸ್ಥಾವರದ ಅಪಘಾತವಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಕಾಡಿನ ಅಣಬೆ, ಹಣ್ಣುಗಳಲ್ಲಿ ಆ ವಿಕಿರಣದ ವಿಷ ಉಳಿದಿತ್ತು. ವಿಲ್ಖಾ ಊರಿನ ಮಕ್ಕಳು ತಮ್ಮ ತೂಕ, ಎತ್ತರ ಹೇಳುವಷ್ಟೇ ಸಲೀಸಾಗಿ ಆ ಸಂಖ್ಯೆಯನ್ನೂ ಹೇಳುತ್ತಿದ್ದರು.

“ಅಜ್ಜಿ, ನಂದೇ ಫಸ್ಟು,” ಎಂದಳು ಏಳು ವರ್ಷದ ದಾರ್ಕಾ.

“ನಾನು ಇವಳಿಗೆ ಒಂದು ಅಣಬೇನೂ ಕೊಟ್ಟಿಲ್ಲ. ಕಾಡುಹಣ್ಣೂ ಕೊಟ್ಟಿಲ್ಲ. ಗಂಡನ ಗೋರಿ ಮೇಲೆ ಕೈಯಿಟ್ಟು ಹೇಳ್ತೀನಿ,” ಎಂದಳು ತೆಕ್ಲಾ.

“ಗೋರಿ ಮೇಲೆ ಕೈಯಿಟ್ರೆ ಆ ಸಂಖ್ಯೆ ಇಳಿಯುತ್ತಾ? ಭಾನುವಾರದ ಬಸ್ಸಿಗೆ ನಾನು ಮಗೂನ ಕರ್ಕೊಂಡು ಲುತ್ಸ್ಕ್‌ಗೆ ಹೋಗ್ತೀನಿ. ನಮ್ಮಕ್ಕನ ಮನೇಲಿರ್ತೀವಿ. ಅಲ್ಲೇ ಸ್ಕೂಲಿಗೆ ಹಾಕ್ತೀನಿ. ಈ ಮನೆಗೆ ಇನ್ನು ಕಳಿಸಲ್ಲ.”

ಗಂಡ ಓಸ್ತಾಪ್ ಅರಣ್ಯ ಕಚೇರಿಯಲ್ಲಿ ಮರದ ದಿಮ್ಮಿ ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಬೆಳಗಿನಿಂದ ಕಾಡಿನಲ್ಲಿದ್ದು ಹಸಿದು ಬಂದಿದ್ದ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. “ಬೋರ್ಶ್ ಆರ್ತಿದೆ,” ಎಂದ.

“ಆರ್ಲಿ,” ಎಂದಳು ಲಾರಿಸಾ.

ಅಣಬೆ ಇಲ್ಲದೆ ಶರತ್ಕಾಲ ಕಳೆಯುವುದು ಹೇಗೆಂದು ತೆಕ್ಲಾಳ ತಾಯಿಗೆ, ತಾಯಿಯ ತಾಯಿಗೆ ಗೊತ್ತಿರಲಿಲ್ಲ; ತೆಕ್ಲಾ ಕಲಿತಿದ್ದಳು. ದಾರ್ಕಾ ಹುಟ್ಟಿದ ವರ್ಷ ಬುಟ್ಟಿಯನ್ನು ಅಟ್ಟಕ್ಕೆ ಎಸೆದಿದ್ದಳು. ಹಸು ಮಾಲ್ವಾಳನ್ನು ಕಾಡಿನಂಚಿಗೆ ಬಿಡುತ್ತಿರಲಿಲ್ಲ. ಊರ ಮುಂದಿನ, ಉತ್ತು ಬಿತ್ತಿದ ಹುಲ್ಲುಗಾವಲಿನಲ್ಲೇ ಕಟ್ಟುತ್ತಿದ್ದಳು. ಅಧಿಕಾರಿಗಳು ಏನೇನು ಮಾಡಬೇಡಿ ಎಂದರೋ ಅದನ್ನೆಲ್ಲ ಬಿಟ್ಟಿದ್ದಳು. ಏನೇನು ಮಾಡುತ್ತೇವೆ ಎಂದು ಅವರು ಹೇಳಿದ್ದರೋ ಅದು ಒಂದೂ ಆಗಿರಲಿಲ್ಲ.

ಅವಳು ಹುಡುಗಿಯಾಗಿದ್ದಾಗ ಊರಿನ ಕ್ಲಬ್ಬಿಗೆ ಒಬ್ಬ ಉಪನ್ಯಾಸಕ ಬಂದಿದ್ದ. ಬಿಳಿ ಪರದೆಯ ಮೇಲೆ ಅಣುವಿನ ಚಿತ್ರ ತೋರಿಸಿ, ಈ ಇಂಧನ ಒಂದು ಹಿಡಿ ಇದ್ದರೆ ಒಂದು ರೈಲು ಕಲ್ಲಿದ್ದಲಿನ ಕೆಲಸ ಮಾಡುತ್ತದೆ, ಇನ್ನು ನಿಮ್ಮ ತಾಯಂದಿರು ಸೌದೆ ಹೊರಬೇಕಿಲ್ಲ, ಹತ್ತು ವರ್ಷದಲ್ಲಿ ಒಲೆಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡುತ್ತೀರಿ ಎಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸ್ಥಾವರಗಳು ಎದ್ದವು. ಭಾರಿ ತಂತಿಗಳು ವಿಲ್ಖಾದ ನೆತ್ತಿಯ ಮೇಲೇ ಹಾದು ದೂರದ ನಗರಗಳಿಗೆ ಹೋದವು; ಮಳೆ ಬಂದಾಗ ಗುಂಯ್ ಎನ್ನುತ್ತಿದ್ದವು. ತಂತಿಯ ಕೆಳಗೆ ಇಟ್ಟಿಗೆಯ ಒಲೆಗಳು ಹಿಂದಿನಂತೆಯೇ ಸೌದೆ ತಿನ್ನುತ್ತಿದ್ದವು. ಒಂದು ಏಪ್ರಿಲ್ ಕೊನೆಯಲ್ಲಿ, ಊರವರು ಆಲೂಗಡ್ಡೆ ನೆಡುತ್ತಿದ್ದಾಗ, ಪೂರ್ವದ ಗಾಳಿ ಬಂತು. ಏನು ಬಂತೆಂದು ಯಾರೂ ಹೇಳಲಿಲ್ಲ. ಮೇ ಮೊದಲ ದಿನ ಮಕ್ಕಳನ್ನು ಬಾವುಟ ಹಿಡಿಸಿ ಮೆರವಣಿಗೆಯಲ್ಲಿ ನಡೆಸಿದರು. ಬೇಸಿಗೆಯಲ್ಲಿ ಸೈನ್ಯದ ಲಾರಿ ಬಂದು ಅವಳ ಗಂಡ ಪನಾಸ್‌ನನ್ನು ಸ್ಥಾವರದ ಸುತ್ತಲಿನ ಮಣ್ಣು ಕೆರೆಯಲು ಕರೆದೊಯ್ದಿತು. ಅವನು ಹಿಂತಿರುಗಿ ಬಂದ, ಕೆಲವು ವರ್ಷ ಕೆಮ್ಮಿದ, ಸತ್ತ. ಆ ಕೆಲಸಕ್ಕೂ ಈ ಸಾವಿಗೂ ಸಂಬಂಧ ಸಾಬೀತಾಗಿಲ್ಲ ಎಂದು ವೈದ್ಯರ ಮಂಡಳಿ ಹೇಳಿತು. ಸತ್ತವನೇ ಬಂದು ಸಾಬೀತು ಮಾಡಬೇಕಿತ್ತೇನೋ.

ಈಗ ಎಲ್ಲರಿಗೂ ಅಜ್ಜಿಯ ಅಣಬೆ ಬುಟ್ಟಿಯೇ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಹಾಲು, ಆಲೂಗಡ್ಡೆ, ಬೀಟ್‌ರೂಟ್, ಒಂದು ಚೀಲ ಒಣಹುಲ್ಲು, ಬಾವಿಯ ನೀರು ಎಲ್ಲವನ್ನೂ ಕಟ್ಟಿಕೊಂಡು ಪಟ್ಟಣದ ಬಸ್ಸು ಹತ್ತಿದಳು. ಅಲ್ಲಿಯ ಸಂತೆಯಲ್ಲಿ ಪಶುವೈದ್ಯ ಇಲಾಖೆಯ ಪ್ರಯೋಗಾಲಯವಿತ್ತು. ಪಕ್ಕದ ಮನೆಯ ಮೆಲಾನ್ಕಾ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಶಾಲೆಯ ಸುದ್ದಿ ಅವಳನ್ನು ಆಗಲೇ ಮುಟ್ಟಿತ್ತು.

“ಏನ್ ತೆಕ್ಲಾ, ಆಲೂಗಡ್ಡೇನ ಪರೀಕ್ಷೆಗೆ ಕೂರಿಸ್ತೀಯಾ?”

“ಹೂಂ.”

“ಪಾಸಾದ್ರೆ ಕಾಲೇಜಿಗೆ ಕಳಿಸ್ತೀಯೋ?”

“ಫೇಲಾದ್ರೆ ನಿನ್ನ ಮಗನ ಹಾಗೆ ಪಂಚಾಯ್ತೀಲಿ ಕೆಲಸ ಕೊಡಿಸ್ತೀನಿ.”

ಬಸ್ಸಿನಲ್ಲಿದ್ದವರು ನಕ್ಕರು. ಮೆಲಾನ್ಕಾ ಕೂಡ ನಕ್ಕಳು, ಆದರೆ ಇಳಿಯುವವರೆಗೂ ಮತ್ತೆ ತಿರುಗಿ ನೋಡಲಿಲ್ಲ.

ಪ್ರಯೋಗಾಲಯದ ಪಶುವೈದ್ಯೆ ರೈಸಾ ಸೆಮೆನಿವ್ನಾ ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿಯಾಗುವವಳು. ಹೆಚ್ಚು ಮಾತಿನವಳಲ್ಲ. ಒಂದೊಂದನ್ನೇ ಡಬ್ಬಿಗೆ ತುಂಬಿ ಯಂತ್ರದೊಳಗಿಟ್ಟಳು. ಆಲೂಗಡ್ಡೆ, ಬೀಟ್‌ರೂಟ್ ಮಿತಿಯೊಳಗಿದ್ದವು. ಹುಲ್ಲು ಪರವಾಗಿಲ್ಲ ಎಂದಳು. ನೀರಿನಲ್ಲಿ ಏನೂ ಇರಲಿಲ್ಲ. ಹಾಲಿನ ಸಂಖ್ಯೆ ನೋಡಿ ಕನ್ನಡಕ ಸರಿಮಾಡಿಕೊಂಡಳು. ವಿಕಿರಣ ಅಳೆಯುವ ಲೆಕ್ಕದಲ್ಲಿ ಲೀಟರಿಗೆ ನೂರು ಬೆಕರೆಲ್ ಮಿತಿ. ಮಾಲ್ವಾಳ ಹಾಲು ನೂರ ತೊಂಬತ್ತು ತೋರಿಸಿತ್ತು.

“ಹಸು ಕಾಡಲ್ಲಿ ಮೇಯುತ್ತೆ,” ಎಂದಳು.

“ಮೇಯಲ್ಲ.”

“ಎಲ್ಲರೂ ಹಾಗೇ ಹೇಳ್ತಾರೆ.”

“ಎಲ್ಲರೂ ಹೇಳ್ಲಿ. ನಾನು ಹೇಳ್ತಿರೋದು ನನ್ನ ಹಸು ವಿಷಯ. ಅದು ತಿನ್ನೋ ಹುಲ್ಲು ನಿಮ್ಮ ಮುಂದೆನೇ ಇದೆ, ಬೀಟ್‌ರೂಟ್ ಇದೆ, ಕುಡಿಯೋ ನೀರಿದೆ. ಎಲ್ಲಾ ಸರಿಯಾಗಿದೆ ಅಂದ್ರಿ. ಹಾಲು ಹ್ಯಾಗೆ ಕೆಟ್ಟಿತು?”

ರೈಸಾ ಸೆಮೆನಿವ್ನಾ ಪೆನ್ನು ಕೈಗೆತ್ತಿಕೊಂಡಳು. “ಬೇರೇನು ಕೊಡ್ತೀರಿ?”

“ಬೇರೇನಿಲ್ಲ. ಔಷಧಿ ಬಿಟ್ರೆ.”

“ಯಾವ ಔಷಧಿ? ಆ ನೀಲಿ ಪುಡಿ ಹಂಚೋದನ್ನ ನಿಲ್ಲಿಸಿ ಮೂರು ವರ್ಷ ಆಯ್ತಲ್ಲ.”

ನಿಲ್ಲಿಸಿದ್ದು ಹೌದು. ಹಸುವಿನ ಹೊಟ್ಟೆಯಲ್ಲೇ ಸೀಸಿಯಂ ಹಿಡಿದು ಸಗಣಿಯಲ್ಲಿ ಹೊರಹಾಕುವ ನೀಲಿ ಪುಡಿಯನ್ನು ಸರಕಾರ ಕೆಲವು ವರ್ಷ ಮನೆಮನೆಗೆ ಕೊಟ್ಟಿತ್ತು. ಹಾಲಿನ ಸಂಖ್ಯೆ ಇಳಿಯಿತು. ಇಳಿದದ್ದೇ ತಡ, ಸಮಸ್ಯೆ ಮುಗಿಯಿತೆಂದು ಪುಡಿ ನಿಲ್ಲಿಸಿದರು. ಆ ಚಳಿಗಾಲ ರೇಡಿಯೋದಲ್ಲಿ ಯಾರೋ ವಿಜ್ಞಾನಿ, ಸೀಸಿಯಂ ಸೇರದಂತೆ ತಡೆಯುವುದು ಪೊಟ್ಯಾಶ್, ನೆಲಕ್ಕೆ ಪೊಟ್ಯಾಶ್ ಕೊಡಿ ಎಂದಿದ್ದ. ಪೊಟ್ಯಾಶ್ ಗೊಬ್ಬರದ ಚೀಲ ವಿಲ್ಖಾಕ್ಕೆ ಬರಲಿಲ್ಲ. ಆದರೆ ಪೊಟ್ಯಾಶ್ ಇರುವುದು ಸೌದೆಯ ಬೂದಿಯಲ್ಲಿ ಎಂದು ಆ ಕಾಡುಸೀಮೆಯಲ್ಲಿ ಯಾವ ಹೆಂಗಸಿಗೆ ತಿಳಿಯದು? ಕರು ಹಾಕಿದ ಹಸುವಿಗೆ ಬಲ ಬರಲೆಂದು ಅವಳ ತಾಯಿಯೂ ಬಿಸಿ ಕಲಗಚ್ಚಿನಲ್ಲಿ ಒಂದು ಹಿಡಿ ಬೂದಿ ಕಲಸುತ್ತಿದ್ದಳು. ನೆಲಕ್ಕೆ ಒಳ್ಳೆಯದಾದದ್ದು ಹಸುವಿಗೆ ಇನ್ನೂ ಒಳ್ಳೆಯದು ಎಂದುಕೊಂಡ ತೆಕ್ಲಾ ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಕೊಡತೊಡಗಿದ್ದಳು. ಒಂದು ಹೊತ್ತೂ ತಪ್ಪಿಸಿರಲಿಲ್ಲ.

ಇದನ್ನು ಹೇಳಿದಾಗ ರೈಸಾ ಸೆಮೆನಿವ್ನಾ ಪೆನ್ನು ಕೆಳಗಿಟ್ಟಳು.

“ನಾಳೆ ಆ ಬೂದಿ ತನ್ನಿ,” ಎಂದಳು. “ಮುಚ್ಚಳ ಗಟ್ಟಿ ಇರೋ ಡಬ್ಬೀಲಿ.”

ಮರುದಿನ ಅವಳು ತಂದ ಬೂದಿಯನ್ನು ಯಂತ್ರದೊಳಗಿಟ್ಟಾಗ ಸಂಖ್ಯೆ ಏರುತ್ತ ಹೋಗಿ ಕಿಲೋಗೆ ತೊಂಬತ್ತೇಳು ಸಾವಿರ ಬೆಕರೆಲ್‌ನಲ್ಲಿ ನಿಂತಿತು. ರೈಸಾ ಸೆಮೆನಿವ್ನಾ ಎರಡನೇ ಸಲ ಅಳೆದಳು. ಆಮೇಲೆ ಕೈ ತೊಳೆದು ಬಂದಳು, ತೆಕ್ಲಾಳಿಗೂ ಸೋಪು ತೋರಿಸಿದಳು.

“ಮರ ಬೇರಿನಿಂದ ಎಳ್ಕೊಂಡಿದ್ದೆಲ್ಲ ಸುಟ್ಟಾಗ ಹೊಗೆ ಆಗಿ ಹೋಗಲ್ಲ. ಕೆಳಗೆ ಉಳಿಯುತ್ತೆ. ಗಾಡಿ ಸೌದೆಯ ಸೀಸಿಯಂ ಒಂದು ಬಕೆಟ್ ಬೂದೀಲಿ. ಸೌದೆಗೆ ಕಿಲೋಗೆ ಆರುನೂರು ಮಿತಿ. ನಿಮ್ಮದು ಅದರ ಎರಡರಷ್ಟಾದ್ರೂ ಇರಬೇಕು. ಎಲ್ಲಿಂದ ತಂದ್ರಿ?”

“ಅರಣ್ಯ ಕಚೇರಿಯಿಂದ. ಮಗ ಅಲ್ಲೇ ಕೆಲಸಕ್ಕಿದಾನೆ. ಅವರ ಪಾಲಿಗೆ ಬಂದದ್ದು.”

ಪಶುವೈದ್ಯೆ ಡಬ್ಬಿಯ ಮುಚ್ಚಳ ಬಿಗಿದಳು. “ಹಾಲನ್ನ ಇವತ್ತಿಂದಲೇ ನಿಲ್ಲಿಸಿ. ಬೂದಿ ನಿಲ್ಲಿಸಿದ್ರೆ ಹಸು ಒಂದು ತಿಂಗಳಲ್ಲಿ ಸರಿಹೋಗುತ್ತೆ. ಮಗು ಚಿಕ್ಕದು, ಬೇಗ ಕಳ್ಕೊಳ್ಳುತ್ತೆ,” ಎಂದಳು.

ಬಸ್ಸಿನಲ್ಲಿ ಹಿಂತಿರುಗುವಾಗ ತೆಕ್ಲಾ ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಮೊಮ್ಮಗಳ ಲೋಟಕ್ಕೆ ಇದೇ ಕೈ ಹಾಲು ಬಗ್ಗಿಸಿತ್ತು. ಇನ್ನೊಂದು ಲೋಟ ಕುಡಿ ಕಂದ, ಮೂಳೆ ಗಟ್ಟಿಯಾಗ್ಲಿ ಎಂದು ಇದೇ ಬಾಯಿ ಹೇಳಿತ್ತು. ಅಳು ಬರಲಿಲ್ಲ. ಅಳು ಬಂದಿದ್ದರೆ ಹಗುರವಾಗುತ್ತಿತ್ತು.

ಸಂಜೆ ಓಸ್ತಾಪ್ ಬೂಟು ಬಿಚ್ಚುತ್ತಿರುವಾಗಲೇ ಕೇಳಿದಳು. ಲಾರಿಸಾ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಬಾಗಿಲು ತೆರೆದೇ ಇತ್ತು.

“ಹೋದ ವರ್ಷ ತಂದ ಸೌದೆ ಕಾಡಿನ ಯಾವ ಬ್ಲಾಕಿಂದು?”

“ಯಾಕಮ್ಮ?”

“ಕೇಳಿದ್ದಕ್ಕೆ ಹೇಳು.”

“ಹದಿನೇಳು.”

“ಹದಿನೇಳನೇ ಬ್ಲಾಕಲ್ಲಿ ಹಳದಿ ಬೋರ್ಡಿತ್ತು. ಕಾಲಿಡಬಾರದು ಅಂತ ಬರೆದಿತ್ತು.”

“ಇತ್ತು. ಆಮೇಲೆ ತೆಗೆದ್ರು.”

“ಅಳತೆ ಮಾಡಿ ತೆಗೆದ್ರಾ?”

ಓಸ್ತಾಪ್ ಬೂಟಿನ ದಾರ ಬೆರಳಿಗೆ ಸುತ್ತಿಕೊಂಡ. “ಬೋರ್ಡ್ ತೆಗೆದಿದಾರೆ ಅಂದ್ರೆ ಅಳತೆ ಮಾಡೇ ಇರ್ತಾರೆ ಅಂದ್ಕೊಂಡ್ವಿ.”

“ಯಾರು ತೆಗೆದದ್ದು?”

“ನಾನೇ ಕಿತ್ತೆ. ಸಾಹೇಬ್ರು ವಿತಾಲಿ ರೊಮಾನೊವಿಚ್ ಹೇಳಿದ್ರು, ಕಿತ್ತು ಟ್ರ್ಯಾಕ್ಟರಲ್ಲಿ ಹಾಕ್ಕೊಂಡು ಬಂದೆ. ಎಲ್ಲರೂ ಅಲ್ಲೇ ಇದ್ರು.” ತಲೆ ಎತ್ತದೆ ಮುಂದುವರಿಸಿದ: “ಒಳ್ಳೆ ಬ್ಲಾಕಿನ ಮರಕ್ಕೆ ಶುದ್ಧ ಅಂತ ಸರ್ಟಿಫಿಕೇಟ್ ಸಿಗುತ್ತೆ, ಅದು ರೈಲಲ್ಲಿ ಹೊರಗೆ ಮಾರಾಟಕ್ಕೆ ಹೋಗುತ್ತೆ. ಊರಿಗೆ ಏನಾದ್ರೂ ಕೊಡಬೇಕಲ್ಲ.”

ಒಳಕೋಣೆಯಿಂದ ಲಾರಿಸಾ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಮಗುವಿನ ಉಣ್ಣೆಯ ಕಾಲುಚೀಲವಿತ್ತು. ಅವಳು ಗಂಡನನ್ನು ಬೈಯಲಿಲ್ಲ. “ಬೋರ್ಡು ಕಿತ್ರೆ ಕಾಡು ಶುದ್ಧ ಆಗುತ್ತೆ ಅನ್ನೋದಾದ್ರೆ, ದಾರ್ಕಾಳನ್ನ ಆ ಕುರ್ಚೀಲಿ ಕೂರಿಸದೇ ಇದ್ರೆ ಅವಳೂ ಶುದ್ಧ ಆಗಿರ್ತಿದ್ಲು,” ಎಂದಳು.

ಶುಕ್ರವಾರ ತೆಕ್ಲಾ ಅರಣ್ಯ ಕಚೇರಿಗೆ ಹೋದಳು. ಮುಖ್ಯಸ್ಥ ವಿತಾಲಿ ರೊಮಾನೊವಿಚ್ ಬೇರೆ ಊರಿನಿಂದ ಬಂದವನು, ನಲವತ್ತರ ಆಸುಪಾಸಿನವನು, ಒರಟನಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿ, ಅವಳು ಹೇಳಿದ್ದನ್ನೆಲ್ಲ ಕೇಳಿದ.

“ಹಸುಗೆ ಬೂದಿ ತಿನ್ನಿಸಿ ಅಂತ ಯಾರು ಹೇಳಿದ್ರು ನಿಮಗೆ?” ಎಂದ ಕೊನೆಗೆ.

“ಯಾರೂ ಹೇಳ್ಲಿಲ್ಲ.”

“ಅದೇ ನೋಡಿ. ಊರಲ್ಲಿ ಇಷ್ಟು ಮನೆ ಇದೆ, ಎಲ್ಲರೂ ಇದೇ ಸೌದೆ ಉರಿಸ್ತಾರೆ. ಒಂದು ಮಗೂಗೆ ಮಾತ್ರ ಯಾಕೆ ಹೀಗಾಯ್ತು? ಸೌದೆ ತಪ್ಪಲ್ಲ ಇದು. ಬೇಜಾರು ಮಾಡ್ಕೋಬೇಡಿ, ಹಳೇ ಕಾಲದ ಅಜ್ಜಿಯರ ಬುದ್ಧಿ.”

ಅದರಲ್ಲಿ ಅರ್ಧ ನಿಜವಿತ್ತು. ಆ ಅರ್ಧ ನಿಜವೇ ತೆಕ್ಲಾಳನ್ನು ಕೆರಳಿಸಿತು. “ಬೇರೆಯವರು ಬೂದೀನ ಆಲೂಗಡ್ಡೆ ಪಾತಿಗೆ ಹಾಕ್ತಾರೆ. ಅದು ಮಗು ಹೊಟ್ಟೆಗೆ ಬರೋಕೆ ಸ್ವಲ್ಪ ಸುತ್ತುದಾರಿ ಹಿಡಿಯುತ್ತೆ, ಅಷ್ಟೇ. ಆ ಬ್ಲಾಕನ್ನ ಅಳೆದ್ರಾ, ಇಲ್ವಾ? ಒಂದು ಮಾತಲ್ಲಿ ಹೇಳಿ.”

ಅವನು ಎದ್ದು ಕಿಟಕಿಯ ಬಳಿ ನಿಂತ. ಅಂಗಳದಲ್ಲಿ ಓಸ್ತಾಪ್ ಟ್ರ್ಯಾಕ್ಟರಿಗೆ ಎಣ್ಣೆ ಹಾಕುತ್ತಿದ್ದ.

“ನಿಮ್ಮ ಮೊಮ್ಮಗಳು ಊರು ಬಿಡ್ತಾಳಂತೆ, ಕೇಳ್ದೆ. ನಾಳೆ ಬೆಳಿಗ್ಗೆ ನಿಮ್ಮ ಅಂಗಳಕ್ಕೆ ನಾಲ್ಕನೇ ಬ್ಲಾಕಿನ ಬರ್ಚ್ ಸೌದೆ ಕಳಿಸ್ತೀನಿ. ಸರ್ಟಿಫಿಕೇಟ್ ಇರೋ ಮಾಲು. ಈಗಿರೋದನ್ನ ವಾಪಸ್ ತಗೋತೀನಿ. ಪ್ರತಿ ವರ್ಷ ಹಾಗೇ ಮಾಡೋಣ. ಸೊಸೆಗೆ ಹೇಳಿ, ಮಗು ಇಲ್ಲೇ ಇರ್ಲಿ. ನೀವು ಊರೆಲ್ಲ ಮಾತಾಡಿ ಜನಾನ ಹೆದರಿಸಬೇಡಿ, ಅಷ್ಟೇ ನಾನು ಕೇಳೋದು. ಚಳಿ ಹತ್ರ ಬಂತು. ಓಸ್ತಾಪ್ ಕೂಡ ಒಳ್ಳೆ ಕೆಲಸಗಾರ.”

ಅವನು ಕೊಡುತ್ತಿದ್ದದ್ದು ತೆಕ್ಲಾ ಈ ವಾರವಿಡೀ ಬೇಡಿದ್ದೇ. ಶುದ್ಧ ಸೌದೆ, ಶುದ್ಧ ಒಲೆ, ಭಾನುವಾರ ಬಸ್ಸಿಲ್ಲ, ಬೆಳಿಗ್ಗೆ ಎದ್ದರೆ ಹಾಸಿಗೆಯಲ್ಲಿ ದಾರ್ಕಾಳ ಬೆಚ್ಚನೆ ಕಾಲು. ಹೂಂ ಎಂದರೆ ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನ ಮುಖದಲ್ಲೊಂದು ಸಮಾಧಾನ ಕಾಣಿಸಿತು. ಪನಾಸ್ ಸತ್ತಾಗ ಮನೆಗೆ ಬಂದ ಮಂಡಳಿಯವನ ಮುಖದಲ್ಲೂ ಇಂಥದ್ದೇ ಸಮಾಧಾನವಿತ್ತು. ಅವನೂ ಚಹಾ ಕುಡಿದಿದ್ದ, ನಿಮ್ಮ ಕಷ್ಟ ಅರ್ಥವಾಗುತ್ತದೆ ಎಂದಿದ್ದ.

“ಅಂದ್ರೆ ಶುದ್ಧ ಸೌದೆ ಯಾವುದು ಅಂತ ನಿಮಗೆ ಗೊತ್ತಿದೆ,” ಎಂದಳು. “ಶುದ್ಧ ಯಾವುದು ಅಂತ ಗೊತ್ತಿದ್ದವನಿಗೆ ಹೊಲಸು ಯಾವುದು ಅಂತಾನೂ ಗೊತ್ತಿರುತ್ತೆ.”

ಮುಟ್ಟದ ಚಹಾ ಹಾಗೇ ಬಿಟ್ಟು ಹೊರಬಂದಳು.

ಆ ಸಂಜೆ ಅವಳೇ ಅಟ್ಟದಿಂದ ಪೆಟ್ಟಿಗೆ ಇಳಿಸಿ ಮೊಮ್ಮಗಳ ಬಟ್ಟೆ ತುಂಬಿದಳು. ಲಾರಿಸಾ ಬಾಗಿಲಲ್ಲಿ ನಿಂತು ನೋಡಿದಳು. ಗಂಡನಿಂದ ಕಚೇರಿಯ ಮಾತು ಅವಳಿಗೂ ತಿಳಿದಿತ್ತು.

“ಅವರು ಬರ್ಚ್ ಕೊಡ್ತೀನಿ ಅಂದ್ರಂತೆ.”

“ಅಂದ್ರು.”

“ತಗೊಂಡಿದ್ರೆ ನಾವು ಇರಬಹುದಿತ್ತು.”

“ಇರಬಹುದಿತ್ತು. ದಾರ್ಕಾ ಮೆಲಾನ್ಕಾ ಮನೆಗೆ ಆಡೋಕೆ ಹೋಗ್ತಾಳೆ, ಅಲ್ಲಿ ಒಲೆ ಮುಂದೆ ಕೂರ್ತಾಳೆ. ಸ್ಕೂಲಲ್ಲಿ ಯಾವ ಸೌದೆ ಉರೀತಿದೆ? ನನ್ನ ಅಂಗಳದಲ್ಲಿ ಮಾತ್ರ ಬರ್ಚ್ ಇಟ್ಕೊಂಡು ನಾನು ಬಾಯಿಗೆ ಬೀಗ ಹಾಕ್ಕೊಂಡ್ರೆ, ಮುಂದಿನ ವರ್ಷ ಆ ಕುರ್ಚೀಲಿ ಕೂರೋ ಮಕ್ಕಳ ಮುಖ ಹ್ಯಾಗೆ ನೋಡ್ಲಿ? ಕರ್ಕೊಂಡು ಹೋಗು. ಈ ಸೌದೆ ಊರಲ್ಲಿ ಇರೋವರೆಗೂ ತರಬೇಡ. ನಾನು ಅತ್ತು ಕರೆದ್ರೂ ತರಬೇಡ.”

ಲಾರಿಸಾ ಹತ್ತಿರ ಬಂದು ಪೆಟ್ಟಿಗೆಯ ಇನ್ನೊಂದು ಬದಿಗೆ ಮಂಡಿಯೂರಿದಳು. “ಆ ಕೆಂಪು ಸ್ವೆಟರ್ ಮೇಲೆ ಇಡಿ, ಅಮ್ಮ. ಬಸ್ಸಲ್ಲಿ ಚಳಿ ಇರುತ್ತೆ,” ಎಂದಳು.

ಭಾನುವಾರ ಬಸ್ಸು ಹೋಯಿತು. ಅದಕ್ಕೂ ಮೊದಲೇ, ಶನಿವಾರ, ತೆಕ್ಲಾ ಮನೆಮನೆಗೆ ಹೋಗಿ ಹೇಳಿದ್ದಳು. ಕೆಲವರು ಕೇಳಿಸಿಕೊಂಡರು. ಕೆಲವರು ಮಾತು ಮುಗಿಯುವ ಮುನ್ನವೇ ಬಾಗಿಲು ಹಾಕಿಕೊಂಡರು. ಮೆಲಾನ್ಕಾ ಬೇಲಿಯ ಆಚೆಯಿಂದ ಕೂಗಿದ್ದಳು: “ಸೌದೆ ಕೊಡೋದನ್ನೇ ನಿಲ್ಲಿಸಿಬಿಟ್ರೆ? ಹಿಮ ಬಿದ್ದಾಗ ನಿನ್ನ ಸಿಟ್ಟನ್ನ ಒಲೆಗೆ ಹಾಕ್ಕೊಳ್ಳೋಕಾಗುತ್ತಾ?”

“ಬೂದೀನ ತೋಟಕ್ಕೆ ಹಾಕಬೇಡ. ಸದ್ಯಕ್ಕೆ ಅಷ್ಟೇ ಹೇಳ್ತಿರೋದು.”

“ಮತ್ತೆಲ್ಲಿಗೆ ಹಾಕ್ಲಿ? ತಲೆ ಮೇಲಾ?”

ಹಳ್ಳಕ್ಕೆ ಸುರಿದರೆ ನೀರಿಗೆ, ದಾರಿಗೆ ಸುರಿದರೆ ಗಾಳಿಗೆ, ಹೂತರೆ ಬೇರಿಗೆ. ಭಾನುವಾರ ಸಂಜೆ ಮಗುವಿಲ್ಲದ ಮನೆಯಲ್ಲಿ ಒಲೆಯ ಬಾಯಿ ತೆರೆದು ಬೂದಿಯನ್ನು ಮುಚ್ಚಳದ ಬಕೆಟ್ಟಿಗೆ ತುಂಬುವಾಗಲೂ ಆ ಪ್ರಶ್ನೆ ತೆಕ್ಲಾಳ ಎದುರಿಗೇ ಕೂತಿತ್ತು.

ಸೋಮವಾರ ಅರಣ್ಯ ಕಚೇರಿಯ ಅಂಗಳದಲ್ಲಿ ಚಳಿಗಾಲದ ಸೌದೆ ಹಂಚುವ ದಿನ. ಊರಿನ ಅರ್ಧದಷ್ಟು ಜನ ಸಾಲಿನಲ್ಲಿ ನಿಂತಿದ್ದರು. ಓಸ್ತಾಪ್‌ನ ಟ್ರ್ಯಾಕ್ಟರು ಮೊದಲ ಲೋಡಿನೊಂದಿಗೆ ಗುರುಗುಡುತ್ತಿತ್ತು. ಅದು ಮೆಲಾನ್ಕಾಳ ಪಾಲು. ತೆಕ್ಲಾ ಸಾಲಿಗೆ ಸೇರದೆ ನೇರವಾಗಿ ಮೆಟ್ಟಿಲ ಬಳಿ ಹೋಗಿ ಬಕೆಟ್ ಇಟ್ಟಳು.

ವಿತಾಲಿ ರೊಮಾನೊವಿಚ್ ಹೊರಗೆ ಬಂದ. “ಏನಿದು?”

“ಬೂದಿ. ನಿಮ್ಮ ಸೌದೇದು. ಎಲ್ಲಿಗೆ ಹಾಕ್ಬೇಕು ಅಂತ ನನಗೆ ಗೊತ್ತಾಗ್ಲಿಲ್ಲ. ನೀವು ಜಾಗ ತೋರಿಸಿ, ಹಾಕಿ ಹೋಗ್ತೀನಿ.”

“ತೆಕ್ಲಾ ಪವ್ಲಿವ್ನಾ, ಇದನ್ನ ತಗೊಂಡು ಹೋಗಿ.”

“ಎಲ್ಲಿಗೆ?”

“ಎಲ್ಲಿಗಾದ್ರೂ. ಇಲ್ಲಿ ಇಡೋ ಹಾಗಿಲ್ಲ.”

“ಯಾಕೆ? ಬರೀ ಬೂದಿ ತಾನೆ? ಸೌದೆ ತಪ್ಪಲ್ಲ ಅಂದ್ರಲ್ಲ.”

ಬಕೆಟ್ಟಿನ ಮುಚ್ಚಳ ಸ್ವಲ್ಪ ಸರಿದಿತ್ತು. ಗಾಳಿ ಬೀಸಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ತಾಳ್ಮೆ ತಪ್ಪಿತು. “ಇಷ್ಟು ಪ್ರಮಾಣ ಇರೋದು ಕಾನೂನು ಪ್ರಕಾರ ವಿಕಿರಣ ತ್ಯಾಜ್ಯ. ಅದನ್ನ ಸರಕಾರಿ ಕಚೇರಿ ಬಾಗಿಲಲ್ಲಿ ಇಟ್ರೆ ನಿಮ್ಮ ಮೇಲೆ ಕೇಸಾಗುತ್ತೆ, ಗೊತ್ತಾ?”

ಮಾತು ಬಾಯಿಂದ ಜಾರಿದ್ದು ಅವನಿಗೆ ತಕ್ಷಣ ತಿಳಿಯಿತು. ತುಟಿ ಬಿಗಿದುಕೊಂಡ.

“ಇನ್ನೊಂದ್ಸಲ ಹೇಳಿ,” ಎಂದಳು ತೆಕ್ಲಾ. “ಟ್ರ್ಯಾಕ್ಟರ್ ಸದ್ದಿಗೆ ಹಿಂದಿನವರಿಗೆ ಕೇಳಿಸಿರಲ್ಲ.”

ಓಸ್ತಾಪ್ ಎಂಜಿನ್ ಆರಿಸಿದ. ಮತ್ತೆ ಹೇಳಿಸುವ ಅಗತ್ಯ ಇರಲಿಲ್ಲ. ಸಾಲಿನ ಮುಂಭಾಗದಲ್ಲಿದ್ದವರು ಹಿಂದಿನವರಿಗೆ ಮಾತು ದಾಟಿಸುತ್ತಿದ್ದರು.

ಮೆಲಾನ್ಕಾ ತನ್ನ ಲೋಡನ್ನೂ ಬಕೆಟ್ಟನ್ನೂ ನೋಡಿದಳು. “ನಮ್ಮ ಮನೇಲಿ ಇಂಥದ್ದು ಒಂದು ಡ್ರಮ್ಮು ಇದೆ,” ಎಂದಳು, ಯಾರಿಗೂ ಅಲ್ಲದ ಹಾಗೆ. “ಎಲೆಕೋಸಿನ ಪಾತಿ ಪಕ್ಕದಲ್ಲೇ.” ಆಮೇಲೆ ಓಸ್ತಾಪ್‌ನ ಕಡೆ ತಿರುಗಿದಳು. “ಇಳಿಸು. ನನಗೆ ಬೇಡ.”

ಇನ್ನಿಬ್ಬರು ಸಾಲು ಬಿಟ್ಟು ನಡೆದರು. ಉಳಿದವರು ನಿಂತೇ ಇದ್ದರು. ಅವರ ಮನೆಯಲ್ಲೂ ಮಕ್ಕಳಿದ್ದರು, ಆಕಾಶ ಆಗಲೇ ಹಿಮದ ಬಣ್ಣಕ್ಕೆ ತಿರುಗಿತ್ತು. ತೆಕ್ಲಾ ಅವರನ್ನು ದೂರಲಿಲ್ಲ. ಅವಳು ನೋಡುತ್ತಿದ್ದದ್ದು ಮೆಟ್ಟಿಲ ಮೇಲಿದ್ದವನನ್ನು.

“ಇದನ್ನ ಎತ್ಕೊಂಡು ಹೋಗಿ ಅಂದೆ,” ಎಂದ ಅವನು, ಈ ಸಲ ಮೆಲ್ಲಗೆ.

“ಜಾಗ ತೋರಿಸಿ ಅಂದೆ,” ಎಂದಳು ತೆಕ್ಲಾ. ಬಕೆಟ್ಟಿನ ಪಕ್ಕದ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಳು.